400 ಮೀಟರ್ ಓಡುವ ಮಗಳಿಗೆ ಯಾವ ಕಾಲೇಜು? ಸೌಲಭ್ಯ ಚೆನ್ನಾಗಿದೆ ಅಂತ ತಿಳಿಯುವುದು ಹೇಗೆ?

ನಿಮ್ಮ ಮಗಳು ದ್ವಿತೀಯ ಪಿಯುಸಿ, 400 ಮೀಟರ್ ಓಡುತ್ತಾಳೆ, ರಾಜ್ಯಮಟ್ಟದಲ್ಲಿ ಫೈನಲ್ ತಲುಪಿದ್ದಾಳೆ. ಕರಾವಳಿಯ ಒಂದು ಕಾಲೇಜು ಮತ್ತು ಬೆಂಗಳೂರಿನ ಒಂದು ಖಾಸಗಿ ವಿಶ್ವವಿದ್ಯಾಲಯ ಉಚಿತ ಸೀಟು ಕೊಡುತ್ತೇವೆ ಅಂದಿವೆ. ಮನೆ ಹತ್ತಿರ ಸರ್ಕಾರಿ ಪದವಿ ಕಾಲೇಜೂ ಇದೆ. ಮೂರರಲ್ಲಿ ಯಾವುದು ಅಂತ ಕೇಳಿದ್ದೀರಿ. ನಾನು ವಿಶ್ವವಿದ್ಯಾಲಯದ ತಂಡದಲ್ಲಿ 800 ಮೀಟರ್ ಓಡಿದವಳು, ಈಗ ಪದವಿ ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣ ನಿರ್ದೇಶಕಿ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ ಸರ್, ಮೂರು ವರ್ಷದ ವಿಷಯ ಇದು.

ಬ್ರೋಷರ್‌ನಲ್ಲಿರುವ ಜಿಮ್ ಫೋಟೋ ಪಕ್ಕಕ್ಕಿಡಿ. ವಾರದ ಮಧ್ಯೆ ಯಾವುದಾದರೂ ಒಂದು ದಿನ, ಮುಂಚೆ ಫೋನ್ ಮಾಡದೆ, ಬೆಳಿಗ್ಗೆ ಐದೂಮುಕ್ಕಾಲಿಗೆ ಆ ಮೈದಾನದಲ್ಲಿರಿ. ಎಷ್ಟು ಹುಡುಗಿಯರು ಬಂದಿದ್ದಾರೆ, ಕೋಚ್ ಅವರಿಗಿಂತ ಮೊದಲು ಬಂದರೋ ಆಮೇಲೆ ಬಂದರೋ, ಸ್ಟಾಪ್‌ವಾಚ್ ಹಿಡಿದವರು ಟೈಮಿಂಗ್ ಬರೆದಿಟ್ಟುಕೊಳ್ಳುತ್ತಾರೋ ಇಲ್ಲವೋ ನೋಡಿ. ಲಕ್ಷಗಟ್ಟಲೆ ಬೆಲೆಯ ಯಂತ್ರಗಳಿದ್ದೂ ಹುಡುಗಿಯರಿಗೆ ಜಿಮ್ ತೆರೆಯುವುದು ಮಧ್ಯಾಹ್ನ, ಅಂದರೆ ಕ್ಲಾಸಿನ ಹೊತ್ತಿನಲ್ಲಿ ಮಾತ್ರ ಎನ್ನುವ ಕಡೆಯೂ ನಾನು ತಂಡ ಕರೆದುಕೊಂಡು ಹೋಗಿದ್ದೇನೆ. ಮಗಳು ಬಳಸಲಾಗದ ಸೌಲಭ್ಯವನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಟ್ರ್ಯಾಕ್ ವಿಷಯಕ್ಕೆ ಬರೋಣ. 400 ಓಡುವವರಿಗೆ ಇದು ಬೇರೆಯವರಿಗಿಂತ ಮುಖ್ಯ. ಜಾಗ ಸಾಲದೆ ಅನೇಕ ಕಾಲೇಜುಗಳು 200 ಮೀಟರ್‌ನ ಮಣ್ಣಿನ ಟ್ರ್ಯಾಕ್‌ಗೆ ಸುಣ್ಣ ಹಾಕಿರುತ್ತವೆ. ಅಲ್ಲಿ ತಿರುವು ಬಹಳ ಬಿಗಿ. ಪೂರ್ಣ ಅಳತೆಯ ಟ್ರ್ಯಾಕ್‌ನಲ್ಲಿ ತಿರುವಿನ ತ್ರಿಜ್ಯ ಸುಮಾರು 36.5 ಮೀಟರ್ ಇರುತ್ತದೆ. ಆ ತಿರುವಿನಲ್ಲಿ ವೇಗ ಕಳೆದುಕೊಳ್ಳದೆ ಓಡುವುದನ್ನು ಅಲ್ಲಿಯೇ ಕಲಿಯಬೇಕು. ಹಾಗಂತ ಕ್ಯಾಂಪಸ್ಸಿನೊಳಗೇ ಸಿಂಥೆಟಿಕ್ (ರಬ್ಬರ್‌ನಂಥ ಹಾಸಿನ) ಟ್ರ್ಯಾಕ್ ಇರಬೇಕು ಅಂತೇನಿಲ್ಲ. ಬೆಂಗಳೂರಿನ ಕಂಠೀರವ, ಮೈಸೂರಿನ ಚಾಮುಂಡಿ ವಿಹಾರ, ಮಂಗಳೂರಿನ ಮಂಗಳಾ ಕ್ರೀಡಾಂಗಣ, ಉಡುಪಿಯ ಅಜ್ಜರಕಾಡು, ಈ ಎಲ್ಲ ಕಡೆ ಸಿಂಥೆಟಿಕ್ ಇದೆ. ವಾರಕ್ಕೆ ಎರಡು ಸಲ ಅಲ್ಲಿಗೆ ಕರೆದುಕೊಂಡು ಹೋಗುವ ವಾಹನ ಇದ್ದರೆ ಸಾಕು. ದಿನವೂ ಸಿಂಥೆಟಿಕ್ ಮೇಲೆಯೇ ಓಡಿಸುವ ಕಡೆ ಶಿನ್ (ಮೊಣಕಾಲಿನ ಕೆಳಗಿನ ಮುಂಗಾಲು ಮೂಳೆ) ನೋವು ಕಾಣಿಸಿಕೊಳ್ಳುವುದು ಜಾಸ್ತಿ. ಅನುಭವವಿರುವ ಕೋಚ್ ಹಗುರ ಓಟವನ್ನು ಹುಲ್ಲಿನ ಮೇಲೋ ಮಣ್ಣಿನ ಮೇಲೋ ಮಾಡಿಸುತ್ತಾರೆ.

ಮೂಡುಬಿದಿರೆಯನ್ನೇ ನೋಡಿ. 2020ರ ಜನವರಿಯಲ್ಲಿ, ಮತ್ತೆ 2022ರ ಜನವರಿಯಲ್ಲಿ ಅಖಿಲ ಭಾರತ ಅಂತರ್‌ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್ ನಡೆದದ್ದು ಆ ಸಣ್ಣ ಊರಿನ ಸ್ವರಾಜ್ ಮೈದಾನದಲ್ಲಿ. ಮಂಗಳೂರು ವಿಶ್ವವಿದ್ಯಾಲಯ ಈ ಕೂಟದಲ್ಲಿ ಮತ್ತೆ ಮತ್ತೆ ಮುಂದೆ ನಿಂತಿದ್ದರೆ ಅದರಲ್ಲಿ ಅದೇ ಊರಿನ ಆಳ್ವಾಸ್ ಕಾಲೇಜಿನ ಓಟಗಾರರ ಪಾಲು ದೊಡ್ಡದು. ಟ್ರ್ಯಾಕ್ ಒಂದರಿಂದ ಅದು ಆಗಿಲ್ಲ. ಕ್ರೀಡಾ ದತ್ತು ಯೋಜನೆಯಲ್ಲಿ ಊಟ, ವಸತಿ, ಓದು ಉಚಿತ; ಅದೇ ಸಂಸ್ಥೆಯಲ್ಲಿ ಫಿಸಿಯೊಥೆರಪಿ ಕಾಲೇಜೂ ಇದೆ. ಎಲ್ಲಕ್ಕಿಂತ ಮೇಲಾಗಿ ಒಂದೇ ಸ್ಪರ್ಧೆಯ ಹಲವರು ಒಟ್ಟಿಗೆ ಅಭ್ಯಾಸ ಮಾಡುತ್ತಾರೆ. 300 ಮೀಟರನ್ನು ಮತ್ತೆ ಮತ್ತೆ ಓಡುವ ಅಭ್ಯಾಸದಲ್ಲಿ (ರಿಪಿಟೇಶನ್) ಕೊನೆಯ ಐವತ್ತು ಮೀಟರ್‌ನಲ್ಲಿ ಕಾಲು ಕಲ್ಲಾಗುತ್ತದಲ್ಲ, ಆಗ ಪಕ್ಕದ ಲೇನಿನಲ್ಲಿ ಇನ್ನೊಬ್ಬಳು ಇದ್ದರೆ ಹುಡುಗಿ ಓಡಿಬಿಡುತ್ತಾಳೆ. ಒಬ್ಬಳೇ ಇದ್ದರೆ ಕೈಬಿಡುತ್ತಾಳೆ. ಆದ್ದರಿಂದ ಎಲ್ಲಿ ಹೋದರೂ ಕೇಳಿ: 400 ಓಡುವ ಹುಡುಗಿಯರು ಎಷ್ಟು ಜನ, ಅವರ ಟೈಮಿಂಗ್ ಮೊದಲ ವರ್ಷ ಎಷ್ಟಿತ್ತು, ಈಗ ಎಷ್ಟಿದೆ?

ಪದಕಪಟ್ಟಿ ತೋರಿಸಿದರೂ ಯಾವ ಆಟದಲ್ಲಿ ಅಂತ ಬಿಡಿಸಿ ಕೇಳಿ. 2022ರಲ್ಲಿ ಬೆಂಗಳೂರಿನಲ್ಲಿ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದಲ್ಲಿ ಜೈನ್ ವಿಶ್ವವಿದ್ಯಾಲಯ 20 ಚಿನ್ನ ಗೆದ್ದು ಮೊದಲ ಸ್ಥಾನ ಪಡೆಯಿತು. ದೊಡ್ಡ ಸಾಧನೆ, ಹೆಮ್ಮೆಯ ವಿಷಯ. ಆದರೆ ಅದರಲ್ಲಿ ಬಹಳಷ್ಟು ಬಂದದ್ದು ಈಜಿನಿಂದ. ಈಜುಗಾರರನ್ನು ಚೆನ್ನಾಗಿ ತಯಾರು ಮಾಡುವ ಸಂಸ್ಥೆಯಲ್ಲಿ 400 ಮೀಟರ್‌ಗೆ ಕೋಚ್ ಯಾರು ಅನ್ನುವುದು ಬೇರೆಯೇ ಪ್ರಶ್ನೆ.

ಈಗ ಹೆಣ್ಣುಮಕ್ಕಳ ತಂದೆತಾಯಿ ಯಾರೂ ಕೇಳದ, ಆದರೆ ನಾನು ಮೊದಲು ಕೇಳುವ ವಿಷಯ: ಮೆಸ್. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ರಕ್ತಹೀನತೆ. ಓಡುವ ಹುಡುಗಿಗೆ ತಿಂಗಳ ಮುಟ್ಟು, ಬೆವರು, ಹೆಜ್ಜೆಯ ಹೊಡೆತ ಎಲ್ಲ ಸೇರಿ ಕಬ್ಬಿಣಾಂಶ ಇನ್ನೂ ಇಳಿಯುತ್ತದೆ. ಟೈಮಿಂಗ್ ಹಾಳಾಗುತ್ತದೆ, ‘ಮೈಗಳ್ಳತನ’ ಅಂತ ಬೈಗುಳ ತಿನ್ನುತ್ತಾಳೆ. ಹಿಮೋಗ್ಲೋಬಿನ್ 12 ಇದ್ದರೂ ಫೆರಿಟಿನ್ (ಮೈಯಲ್ಲಿ ಶೇಖರವಾಗಿರುವ ಕಬ್ಬಿಣಾಂಶದ ಅಳತೆ) ಕೆಳಗಿಳಿದಿರಬಹುದು. ಹಾಗಾಗಿ ಎರಡೂ ಪರೀಕ್ಷೆ ಸೇರುವ ಮೊದಲೇ ಮಾಡಿಸಿ, ಆಮೇಲೆ ವರ್ಷಕ್ಕೆರಡು ಸಲ. ಮೆಸ್ಸಿನಲ್ಲಿ ಎರಡು ಇಡ್ಲಿ, ಸಾಂಬಾರು, ಟೀ ಕೊಟ್ಟು ಕಳಿಸಿದರೆ ಬೆಳಗಿನ ಅಭ್ಯಾಸ ಮುಗಿಸಿ ಬಂದವಳಿಗೆ ಯಾತಕ್ಕೂ ಸಾಲದು. ಮೊಟ್ಟೆ, ಹಾಲು, ಕಾಳು, ರಾಗಿ, ಸೊಪ್ಪು, ತಿನ್ನುವವರಾದರೆ ಮಾಂಸ, ಇವು ವಾರಕ್ಕೆಷ್ಟು ಸಲ ಅಂತ ಅಡುಗೆಯವರನ್ನೇ ಕೇಳಿ. ಊಟದ ಜತೆ ಟೀ ಕುಡಿದರೆ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ, ನಿಂಬೆಹಣ್ಣು ಹಿಂಡಿಕೊಂಡರೆ ಹತ್ತುತ್ತದೆ, ಇಷ್ಟು ಮಗಳಿಗೂ ಗೊತ್ತಿರಲಿ.

ಇನ್ನೊಂದು ಮಾತು, ಇದನ್ನು ಅವಳ ಅಮ್ಮನಿಗೆ ಓದಿಸಿ. ಓಡುವ ಹುಡುಗಿಗೆ ಮುಟ್ಟು ನಿಂತರೆ ‘ಪ್ರಾಕ್ಟೀಸ್ ಜೋರಾಗಿದೆ, ಅದಕ್ಕೆ’ ಅಂತ ಸುಮ್ಮನಿರುವವರಿದ್ದಾರೆ. ಸುಮ್ಮನಿರಬಾರದು. ಖರ್ಚು ಮಾಡುವಷ್ಟು ಶಕ್ತಿ ಊಟದಿಂದ ಬರುತ್ತಿಲ್ಲ ಎನ್ನುವುದರ ಲಕ್ಷಣ ಅದು, ಹೆಚ್ಚಾಗಿ. ಮೂಳೆ ದುರ್ಬಲವಾಗಿ ಸ್ಟ್ರೆಸ್ ಫ್ರ್ಯಾಕ್ಚರ್ (ಮೂಳೆಯಲ್ಲಿ ಸಣ್ಣ ಬಿರುಕು) ಆಗಬಹುದು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲೇ ಈ ಬಗ್ಗೆ ಎಚ್ಚರಿಸಿದೆ. ಇದನ್ನೆಲ್ಲ ಸಂಕೋಚವಿಲ್ಲದೆ ಹೇಳಿಕೊಳ್ಳಲು ಕೋಚಿಂಗ್ ತಂಡದಲ್ಲಿ ಒಬ್ಬ ಹೆಂಗಸಾದರೂ ಇರಬೇಕು. ಹೊರಊರಿನ ಮೀಟ್‌ಗೆ ತಂಡದ ಜತೆ ಹೆಣ್ಣು ಸಿಬ್ಬಂದಿ ಹೋಗುತ್ತಾರಾ, ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2015ರ ನಿಯಮದಂತೆ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇದೆಯಾ ಅಂತ ನೇರವಾಗಿ ಕೇಳಿ. ಈ ಪ್ರಶ್ನೆಗೆ ಮುಖ ಗಂಟು ಹಾಕುವ ಕಡೆ ಮಗಳನ್ನು ಬಿಡಬೇಡಿ.

ಹಾಸ್ಟೆಲ್ ರಜೆಯ ವಿಷಯ ಬಹಳ ಜನರಿಗೆ ಹೊಳೆಯುವುದೇ ಇಲ್ಲ. ನಮ್ಮಲ್ಲಿ ಅಂತರ ಕಾಲೇಜು ಕೂಟಗಳು ಸಾಮಾನ್ಯವಾಗಿ ವರ್ಷದ ಕೊನೆಯ ತಿಂಗಳುಗಳಲ್ಲಿ, ಅಖಿಲ ಭಾರತ ಕೂಟ ಡಿಸೆಂಬರ್–ಜನವರಿಯ ಸುಮಾರಿಗೆ. ಅದಕ್ಕೆ ಅಡಿಪಾಯ ಬೀಳುವುದು ಬೇಸಿಗೆ, ಮಳೆಗಾಲದಲ್ಲಿ. ಪರೀಕ್ಷೆ ಮುಗಿದ ಮಾರನೇ ದಿನವೇ ಹಾಸ್ಟೆಲ್‌ಗೆ ಬೀಗ ಹಾಕಿದರೆ ಹುಡುಗಿ ಊರಿಗೆ ಬಂದು ಕೂರುತ್ತಾಳೆ, ಹಿಂದಿನ ವರ್ಷದ ದುಡಿಮೆ ಕರಗಿಹೋಗುತ್ತದೆ. ರಜೆಯಲ್ಲೂ ಮೆಸ್ ಸಮೇತ ಹಾಸ್ಟೆಲ್ ತೆರೆದಿರುತ್ತದಾ? ಕರಾವಳಿಯಾದರೆ ಜೂನ್–ಜುಲೈ ಮಳೆಯಲ್ಲಿ ಎಲ್ಲಿ ಅಭ್ಯಾಸ?

ಓದಿನ ಕಡೆ ಕೇಳಬೇಕಾದದ್ದು ಎರಡೇ. ಮೀಟ್‌ಗೆ ಹೋದ ದಿನಗಳ ಹಾಜರಾತಿ ಕೊಡುತ್ತಾರಾ? ಸೆಮಿಸ್ಟರ್ ಪರೀಕ್ಷೆಯ ದಿನವೇ ಅಖಿಲ ಭಾರತ ಕೂಟ ಬಿದ್ದರೆ ಹಿಂದೆ ಏನು ಮಾಡಿದ್ದಾರೆ? ‘ನೋಡಿಕೊಳ್ಳೋಣ’ ಎನ್ನುವುದು ಉತ್ತರವಲ್ಲ. ಅಮೆರಿಕದ ಕಾಲೇಜುಗಳಲ್ಲಿ ಎನ್‌ಸಿಎಎ (ಅಲ್ಲಿನ ಕಾಲೇಜು ಕ್ರೀಡೆ ನಡೆಸುವ ಸಂಸ್ಥೆ) ನಿಯಮದಂತೆ ಸೀಸನ್ನಿನಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ಕಡ್ಡಾಯ ಅಭ್ಯಾಸ ಮಾಡಿಸುವಂತಿಲ್ಲ, ವಾರದಲ್ಲಿ ಒಂದು ದಿನ ಪೂರ್ತಿ ಬಿಡುವು. ನಮ್ಮ ಹೈಜಂಪರ್ ತೇಜಸ್ವಿನ್ ಶಂಕರ್ ಕ್ಯಾನ್ಸಸ್ ಸ್ಟೇಟ್‌ನಲ್ಲಿ ಓದುತ್ತಲೇ 2018 ಮತ್ತು 2022ರಲ್ಲಿ ಅಲ್ಲಿನ ಕಾಲೇಜು ಚಾಂಪಿಯನ್ ಆದದ್ದು ಇಂಥ ವ್ಯವಸ್ಥೆಯೊಳಗೆ. ನಿದ್ದೆಗೂ ಓದಿಗೂ ಹೊತ್ತು ಉಳಿಸಿಕೊಡುವ ಕಾಲೇಜು ಓಟಕ್ಕೇ ಸಹಾಯ ಮಾಡುತ್ತಿದೆ.

ಗೆಳತಿಯರು, ಸೀನಿಯರ್‌ಗಳು ಕೊಡುವ ಪುಡಿ, ಇಂಜೆಕ್ಷನ್ ಏನನ್ನೂ ಮುಟ್ಟಬಾರದು ಅಂತ ಮನೆಯಲ್ಲೇ ಹೇಳಿ ಕಳಿಸಿ. ಡೋಪ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ‘ಗೊತ್ತಿರಲಿಲ್ಲ’ ಅಂದರೂ ಹೊಣೆ ಅವಳದೇ.

ನಿಮ್ಮ ಮೂರರ ಬಗ್ಗೆ ನನ್ನ ಅಭಿಪ್ರಾಯ: ಕರಾವಳಿಯ ಕಾಲೇಜಿನಲ್ಲಿ 400 ಓಡುವ ಹುಡುಗಿಯರ ಗುಂಪಿದ್ದು, ರಜೆಯಲ್ಲೂ ಹಾಸ್ಟೆಲ್ ಇದ್ದರೆ ಅಲ್ಲಿಗೆ ಕಳಿಸಿ. ಇಲ್ಲದಿದ್ದರೆ, ಹತ್ತಿರದ ಸರ್ಕಾರಿ ಕಾಲೇಜಿನ ಪಿ.ಡಿ. (ದೈಹಿಕ ಶಿಕ್ಷಣ ನಿರ್ದೇಶಕರು) ನಿಜವಾಗಿ ಮೈದಾನಕ್ಕಿಳಿಯುವವರಾದರೆ, ಮೊದಲ ವರ್ಷ ಮನೆ ಊಟ ತಿಂದು ಅಲ್ಲೇ ಓಡಲಿ. ಬೆಂಗಳೂರಿನದಕ್ಕೆ ಒಪ್ಪುವುದಾದರೆ ಹಾಸ್ಟೆಲ್‌ನಿಂದ ಟ್ರ್ಯಾಕ್‌ಗೆ ಎಷ್ಟು ಹೊತ್ತು ಬೇಕು ಅಂತ ಸಂಜೆಯ ಟ್ರಾಫಿಕ್ಕಿನಲ್ಲಿ ಹೋಗಿ ನೋಡಿ.

ಎಲ್ಲಿ ಸೇರಿದರೂ, ಗಾಯವಾಗಿ ಒಂದು ವರ್ಷ ಓಡಲಾಗದಿದ್ದರೆ ಉಚಿತ ಸೀಟು, ಹಾಸ್ಟೆಲ್ ಮುಂದುವರಿಯುತ್ತದೆ, ಸ್ಕ್ಯಾನ್ ಮತ್ತು ಚಿಕಿತ್ಸೆಯ ಖರ್ಚು ಇಂಥವರದು ಎಂದು ಪತ್ರದಲ್ಲಿ ಬರೆಸಿಕೊಳ್ಳಿ. ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂಭಾಗದ ಸ್ನಾಯು) ಹರಿದುಕೊಂಡ ಹುಡುಗಿಯ ಕೈಗೆ ಹಾಸ್ಟೆಲ್ ಬಿಲ್ ಕೊಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಸಲಿ ಅಂಕಪಟ್ಟಿಗಳನ್ನು ಇಟ್ಟುಕೊಳ್ಳುತ್ತೇವೆ ಅಂದರೆ ಒಪ್ಪಬೇಡಿ. ಹಾಗೆ ಇಟ್ಟುಕೊಳ್ಳುವಂತಿಲ್ಲ ಅಂತ ಯುಜಿಸಿ 2018ರ ಅಕ್ಟೋಬರ್‌ನಲ್ಲೇ ಅಧಿಸೂಚನೆ ಹೊರಡಿಸಿದೆ. ಅವಳ ಈಗಿನ ಟೈಮಿಂಗ್ ಮತ್ತು ಎರಡು ಕಾಲೇಜುಗಳು ಕೊಟ್ಟ ಪತ್ರದಲ್ಲಿ ಏನಿದೆ ಅಂತ ಇಲ್ಲಿ ಬರೆದರೆ, ಓದಿ ನೋಡಿ ಖಂಡಿತ ಉತ್ತರಿಸುತ್ತೇನೆ.