ಹುಲಿವೇಷಕ್ಕೆ ಮೆಚ್ಚುಗೆ, ರೀಲ್ಸ್‌ಗೆ ತಾತ್ಸಾರ: ಒಂದು ಪ್ರತಿಕ್ರಿಯೆ

ಉಡುಪಿಯಲ್ಲಿ ಕೃಷ್ಣಾಷ್ಟಮಿಯ ಮರುದಿನ ನಡೆಯುವ ವಿಟ್ಲಪಿಂಡಿ ಉತ್ಸವದ ಹುಲಿವೇಷದ ಚಿತ್ರಗಳನ್ನು ಮೆಚ್ಚುವವರೇ, ಅದೇ ಹುಡುಗರು ಬಣ್ಣ ತೊಳೆದು ಸಿನಿಮಾ ಹಾಡಿಗೆ ಕುಣಿದ ರೀಲ್ಸ್ ಕಂಡರೆ ಏಕೆ ‘ಚೀಪ್’ ಎನ್ನುತ್ತಾರೆ ಎಂದು ತಾವು ಕೇಳಿದ್ದೀರಿ. ಅಭಿರುಚಿಯು ಹುಟ್ಟುಗುಣವಲ್ಲ, ಮನೆತನ ಮತ್ತು ಶಿಕ್ಷಣದಿಂದ ರೂಢಿಯಾಗಿ ವರ್ಗಗಳ ನಡುವಿನ ಅಂತರವನ್ನು ಕಾಯುವಂಥದ್ದು ಎಂದು ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದಿಯು 1979ರಲ್ಲೇ ವಿವರವಾಗಿ ವಾದಿಸಿದ್ದರು. ಹುಲಿವೇಷದ ಚಿತ್ರದಲ್ಲಿ ಮೆಚ್ಚುಗೆ ಸಲ್ಲುವುದು ಕ್ಯಾಮೆರಾ ಹಿಡಿದವರಿಗೆ. ಮೈತುಂಬ ಬಣ್ಣ ಬಳಿಸಿಕೊಂಡು, ಅದು ಒಣಗುವವರೆಗೆ ಕೈಯಗಲಿಸಿ ನಿಂತವನ ಹೆಸರು ಅಡಿಬರಹದಲ್ಲಿ ಬಹುಮಟ್ಟಿಗೆ ಇರುವುದೇ ಇಲ್ಲ. ರೀಲ್ಸ್‌ನಲ್ಲಾದರೋ ತನ್ನನ್ನು ಹೇಗೆ ತೋರಿಸಿಕೊಳ್ಳಬೇಕೆಂಬುದನ್ನು ಅವನೇ ನಿರ್ಧರಿಸುತ್ತಾನೆ, ಅಸಹನೆ ಹುಟ್ಟುವುದು ಅಲ್ಲಿಯೇ ಎಂಬುದು ನನ್ನ ಖಚಿತ ಅಭಿಪ್ರಾಯ. 2020ರ ಜೂನ್‌ನಲ್ಲಿ ಟಿಕ್‌ಟಾಕ್ ನಿಷೇಧವಾದಾಗ (ಸರಕಾರ ಕೊಟ್ಟ ಕಾರಣ ದೇಶದ ಭದ್ರತೆಯದಾಗಿತ್ತು) ಕೀಳು ಅಭಿರುಚಿಯೇ ತೊಲಗಿತೆಂದು ಹಿಗ್ಗಿದವರ ಸಂತೋಷವೂ ಇದೇ ಬಗೆಯದು.