ಪ್ಯಾಕೆಟ್ ತಿಂಡಿ, ಬಣ್ಣ, ಪ್ಲಾಸ್ಟಿಕ್, ಸೊಳ್ಳೆ ಬತ್ತಿ: ಮೊದಲು ಬಿಡಬೇಕಾದದ್ದು ಯಾವುದು?

ನೀವು ಕೇಳಿದ್ದು ಇಷ್ಟು: ಮನೆಯಲ್ಲಿ ಇಬ್ಬರು ಸಣ್ಣ ಮಕ್ಕಳಿದ್ದಾರೆ. ಪ್ಯಾಕೆಟ್ ತಿಂಡಿ, ಬಣ್ಣ, ಪ್ಲಾಸ್ಟಿಕ್, ಸೊಳ್ಳೆ ಬತ್ತಿ ಎಲ್ಲದರಿಂದಲೂ ಮುಂದೆ ಕಾಯಿಲೆ ಬರುತ್ತದೆ ಎಂದು ವಾಟ್ಸಾಪ್‌ನಲ್ಲಿ ಓದಿ ಹೆದರಿದ್ದೀರಿ. ಎಲ್ಲ ಬಿಡೋಕೆ ಆಗಲ್ಲ, ಯಾವುದನ್ನು ಮೊದಲು ಬಿಡಲಿ, ಆರ್ಗ್ಯಾನಿಕ್ ಸಾಮಾನು ತಂದರೆ ಸಾಕಾ?

ನಾನು ಡಾಕ್ಟರ್ ಅಲ್ಲ. ದಾವಣಗೆರೆಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದೇನೆ. ಈ ಪ್ಯಾಕೆಟ್‌ಗಳನ್ನೆಲ್ಲ ಮಾರುವವನೇ ನಾನು. ವ್ಯಾಪಾರ ಇಲ್ಲದ ಮಧ್ಯಾಹ್ನ ಅವುಗಳ ಹಿಂಬದಿಯ ಸಣ್ಣ ಅಕ್ಷರ ಓದುವ ಚಟ ಹತ್ತಿದೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹೆಸರು ಕೇಳಿದರೇ ಭಯವಾಗುವ ಕೆಮಿಕಲ್‌ಗಿಂತ, ದಿನಾ ಹೊಟ್ಟೆಗೆ ಹೋಗುವ ಉಪ್ಪು, ಸಕ್ಕರೆ, ಮೈದಾ, ಎಣ್ಣೆಯ ಬಗ್ಗೆ ಜಾಸ್ತಿ ಯೋಚನೆ ಮಾಡಿ.

ಗಿರಾಕಿಗಳು ಪ್ಯಾಕೆಟ್ ತಿರುಗಿಸಿ, ಆಹಾರಕ್ಕೆ ಬೆರೆಸುವ ಪದಾರ್ಥಗಳಿಗೆ ಕೊಡುವ ನಂಬರುಗಳಲ್ಲಿ ಒಂದಾದ ಐಎನ್‌ಎಸ್ 330 ತೋರಿಸಿ 'ಇದು ವಿಷ ಅಲ್ವಾ?' ಎನ್ನುತ್ತಾರೆ. ಅದು ಸಿಟ್ರಿಕ್ ಆಮ್ಲ, ನಿಂಬೆಹಣ್ಣಿನಲ್ಲಿರುವ ಹುಳಿ. 322 ಅಂದರೆ ಲೆಸಿಥಿನ್, ಹೆಚ್ಚಾಗಿ ಸೋಯಾದಿಂದ ತೆಗೆಯುತ್ತಾರೆ. ನಂಬರಿಗೆ ಸುಮ್ನೆ ಹೆದರಬೇಡಿ, ಪಟ್ಟಿಯ ಮೊದಲ ಮೂರು ಹೆಸರು ನೋಡಿ. ತೂಕದಲ್ಲಿ ಯಾವುದು ಜಾಸ್ತಿಯೋ ಅದನ್ನೇ ಮೊದಲು ಬರೆಯಬೇಕು ಅನ್ನೋದು ನಿಯಮ. ಹೊರಗೆ ಗೋಧಿ ತೆನೆಯ ಚಿತ್ರ ಇರುವ ಎಷ್ಟೋ ಬಿಸ್ಕತ್ತುಗಳಲ್ಲಿ ಮೊದಲು ಬರೋದು ಮೈದಾ, ಅದರ ಹಿಂದೆ ಸಕ್ಕರೆ, ಪಾಮ್ ಎಣ್ಣೆ. ಕೆಳಗೆಲ್ಲೋ ಇನ್ವರ್ಟ್ ಸಿರಪ್, ಲಿಕ್ವಿಡ್ ಗ್ಲೂಕೋಸ್ ಅಂತ ಇದ್ದರೆ ಅದೂ ಸಕ್ಕರೆಯೇ. ಉಪ್ಪು ಎಷ್ಟಿದೆ ಅಂತ ತಿಳಿಯೋಕೆ ಪ್ಯಾಕೆಟ್ ಮೇಲೆ ಬರೆದ ಸೋಡಿಯಂ ಅನ್ನು ಎರಡೂವರೆಯಿಂದ ಗುಣಿಸಿ. 800 ಮಿಲಿಗ್ರಾಂ ಸೋಡಿಯಂ ಇದ್ದರೆ 2 ಗ್ರಾಂ ಉಪ್ಪು. ದೊಡ್ಡವರಿಗೆ ದಿನಕ್ಕೆ 5 ಗ್ರಾಂ ಒಳಗಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಮಕ್ಕಳಿಗೆ ಇನ್ನೂ ಕಡಿಮೆ. ಒಂದು ಪ್ಯಾಕೆಟ್ ನೂಡಲ್ಸ್‌ನಲ್ಲಿ 2 ಗ್ರಾಂ ಇರೋದು ಮಾಮೂಲು. ಹಾಗಂತ ಮನೆ ಉಪ್ಪಿನಕಾಯಿ, ಹಪ್ಪಳಕ್ಕೆ ರಿಯಾಯಿತಿ ಏನೂ ಇಲ್ಲ.

ಫ್ಯಾಕ್ಟರಿಯಲ್ಲಿ ಮಾಡಿದ್ದೆಲ್ಲ ಕೆಟ್ಟದ್ದು ಅಂತಲೂ ಅಲ್ಲ. ಬ್ರೆಜಿಲ್‌ನ ಪೌಷ್ಟಿಕಾಂಶ ಸಂಶೋಧಕ ಕಾರ್ಲೋಸ್ ಮೊಂಟೆರೊ 2009ರಲ್ಲಿ, ಆಹಾರವನ್ನು ಎಷ್ಟು ಸಂಸ್ಕರಿಸಿದ್ದಾರೆ ಅನ್ನೋದನ್ನೂ ನೋಡಬೇಕು ಎಂದರು. ಅದರಿಂದ ಬಂದದ್ದೇ ನೋವಾ ಎಂಬ ನಾಲ್ಕು ಗುಂಪಿನ ವಿಂಗಡಣೆ. ಕೊನೆಯ ಗುಂಪು ಅತಿಸಂಸ್ಕರಿತ ಆಹಾರ: ನಮ್ಮ ಅಡುಗೆಮನೆಯಲ್ಲಿ ಇಲ್ಲದ ಎಮಲ್ಸಿಫೈಯರ್ (ಎಣ್ಣೆ, ನೀರು ಬೇರೆಯಾಗದಂತೆ ಬೆರೆಸುವ ಪದಾರ್ಥ), ಫ್ಲೇವರ್ ಎಲ್ಲ ಸೇರಿಸಿ ಮಾಡಿದ್ದು. ಈ ಲೆಕ್ಕದಲ್ಲಿ ನಮ್ಮೂರ ಮಂಡಕ್ಕಿ ಆ ಗುಂಪಿಗೆ ಸೇರಲ್ಲ. ಬೇಯಿಸಿ ಒಣಗಿಸಿದ ಭತ್ತದ ಅಕ್ಕಿ, ಉಪ್ಪುನೀರು, ಕಾದ ಮರಳು, ಅಷ್ಟೇ. ಬೆಣ್ಣೆ ದೋಸೆಯೂ ಸೇರಲ್ಲ. ದಿನಾ ತಿನ್ನಿ ಅಂತ ಅರ್ಥ ಮಾಡಿಕೊಳ್ಳಬೇಡಿ ಮತ್ತೆ!

ಪ್ಯಾಕೆಟ್ ತಿಂಡಿ ಜಾಸ್ತಿ ತಿನ್ನುವವರಲ್ಲಿ ಬೊಜ್ಜು, ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ ಜಾಸ್ತಿ ಎಂದು ಹಲವು ದೇಶಗಳ ಅಧ್ಯಯನಗಳು ಹೇಳಿವೆ. ಆದರೆ ತಿಂಡಿಯಿಂದಲೇ ಬಂತಾ, ಅವರ ಸಿಗರೇಟು, ಬಡತನ, ಕೂತಲ್ಲೇ ಕೂರುವ ಕೆಲಸದಿಂದ ಬಂತಾ ಎಂದು ಬಿಡಿಸಿ ಹೇಳೋದು ಕಷ್ಟ. ಅದಕ್ಕೇ ಅಮೆರಿಕದ ಸಂಶೋಧಕ ಕೆವಿನ್ ಹಾಲ್ 2019ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ಮುಖ್ಯ ಅನಿಸುತ್ತದೆ. 20 ಜನರನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡು, ಎರಡು ವಾರ ಅತಿಸಂಸ್ಕರಿತ ಊಟ, ಎರಡು ವಾರ ಸಾದಾ ಊಟ ಕೊಟ್ಟರು. ಮುಂದಿಟ್ಟ ತಟ್ಟೆಗಳಲ್ಲಿ ಸಕ್ಕರೆ, ಕೊಬ್ಬು, ಉಪ್ಪು, ನಾರು ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಬೇಕಾದಷ್ಟು ತಿನ್ನಿ ಎಂದರು. ಅತಿಸಂಸ್ಕರಿತ ಊಟ ಇದ್ದಾಗ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು. ಬೇಗ ಬೇಗನೂ ತಿಂದರು. ಎರಡೇ ವಾರಕ್ಕೆ ಹತ್ತಿರ ಹತ್ತಿರ ಒಂದು ಕಿಲೋ ತೂಕ ಏರಿತು. ಸಣ್ಣ ಪ್ರಯೋಗ, ನಿಜ. ಆದರೂ ಸ್ಕೂಲ್ ಬಿಟ್ಟ ಹೊತ್ತಿಗೆ ನನ್ನ ಅಂಗಡಿ ಮುಂದೆ ನಿಂತರೆ ನಂಬಿಕೆ ಬರುತ್ತದೆ. ಐದು ರೂಪಾಯಿ ಪ್ಯಾಕೆಟ್ ಕೈಗೆ ಬಂದು ಖಾಲಿಯಾಗೋಕೆ ರಸ್ತೆ ದಾಟುವಷ್ಟು ಹೊತ್ತೂ ಬೇಡ. ಹುರಿದ ಶೇಂಗಾ ಕೊಟ್ಟರೆ ಆ ಮಕ್ಕಳೇ ಮನೆ ಮುಟ್ಟುವವರೆಗೂ ಅಗಿಯುತ್ತಾರೆ.

ಬಣ್ಣದ ವಿಷಯದಲ್ಲಿ ಮಾತ್ರ ನಿಮ್ಮ ಭಯ ಸರಿ. 2024ರ ಮಾರ್ಚ್‌ನಲ್ಲಿ ನಮ್ಮ ಸರ್ಕಾರ ಗೋಬಿ ಮಂಚೂರಿ, ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕೋದನ್ನು ನಿಷೇಧಿಸಿತು. ಪರೀಕ್ಷೆ ಮಾಡಿಸಿದ 171 ಗೋಬಿ ಸ್ಯಾಂಪಲ್‌ಗಳಲ್ಲಿ 107 ಅಸುರಕ್ಷಿತ ಎಂದು ಬಂದಿತ್ತು. ಮಿಠಾಯಿಯಲ್ಲಿ ಸಿಕ್ಕ ರೋಡಮೈನ್-ಬಿ ಬಟ್ಟೆಗೆ ಹಾಕುವ ಬಣ್ಣ. ಗೋಬಿ ಕೆಂಪಗೆ ಹೊಳೆಯುತ್ತಿದ್ದರೆ ಮುಂದೆ ಹೋಗಿ.

ಮಿರ್ಚಿ ಬಜ್ಜಿ ಬಿಡಿ ಅಂತ ದಾವಣಗೆರೆಯಲ್ಲಿ ಹೇಳುವ ಧೈರ್ಯ ನನಗಿಲ್ಲ. ಬಾಣಲೆ ನೋಡಿ ತಿನ್ನಿ. ಎಣ್ಣೆ ಕಪ್ಪಾಗಿ, ಮಂದವಾಗಿ, ನೊರೆ ಏಳುತ್ತಿದ್ದರೆ ಅದು ತುಂಬ ಸಲ ಕಾದದ್ದು. ಮತ್ತೆ ಮತ್ತೆ ಕಾದ ಎಣ್ಣೆಯಲ್ಲಿ ಪೋಲಾರ್ ಸಂಯುಕ್ತಗಳು, ಅಂದರೆ ಎಣ್ಣೆ ಕೆಡುತ್ತಾ ಹುಟ್ಟುವ ಪದಾರ್ಥಗಳು, ಹೆಚ್ಚುತ್ತವೆ. ಅವು ಶೇಕಡ 25 ದಾಟಿದರೆ ಆ ಎಣ್ಣೆ ಬಳಸಬಾರದು ಎಂಬ ನಿಯಮ 2018ರಿಂದ ಇದೆ. ಪೇಪರ್ ಮೇಲೆ ಕೊಟ್ಟರೆ ಬೇಡ ಎನ್ನಿ, ಬಿಸಿ ಎಣ್ಣೆಗೆ ಅಚ್ಚಿನ ಮಸಿ ಬಿಡುತ್ತದೆ. ಹೋಟೆಲ್‌ನಿಂದ ಬಿಸಿ ಸಾಂಬಾರ್ ತರೋದಿದ್ದರೆ ಪ್ಲಾಸ್ಟಿಕ್ ಕವರ್ ಬದಲು ಸ್ಟೀಲ್ ಡಬ್ಬಿ ಒಯ್ಯಿರಿ. ಪೇಪರ್ ಕಪ್‌ನ ಒಳಗೂ ಪ್ಲಾಸ್ಟಿಕ್ ಪದರ ಇರುತ್ತದೆ. 15 ನಿಮಿಷ ಬಿಸಿನೀರು ಇಟ್ಟರೆ 100 ಮಿಲಿಲೀಟರ್‌ಗೆ ಸುಮಾರು 25,000 ಸೂಕ್ಷ್ಮ ಕಣ ಬಿಡುತ್ತವೆ ಎಂದು ಖರಗ್‌ಪುರ ಐಐಟಿಯವರು ಕಂಡುಕೊಂಡಿದ್ದಾರೆ. ಅವು ದೇಹಕ್ಕೆ ಎಷ್ಟು ಹಾನಿ ಮಾಡುತ್ತವೆ ಅನ್ನೋದು ವಿಜ್ಞಾನಿಗಳಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಸ್ಟೀಲ್ ಲೋಟ ಮನೆಯಲ್ಲಿ ಇದ್ದೇ ಇದೆಯಲ್ಲ.

ನನ್ನನ್ನು ಕೇಳಿದರೆ, ಮನೆಯೊಳಗಿನ ಕೆಮಿಕಲ್‌ಗಳಲ್ಲಿ ಮೊದಲು ನಿಲ್ಲಿಸಬೇಕಾದದ್ದು ಕಿಟಕಿ ಮುಚ್ಚಿ ಸೊಳ್ಳೆ ಬತ್ತಿ ಹಚ್ಚೋದು. ಒಂದು ಬತ್ತಿ ಪೂರ್ತಿ ಉರಿದರೆ 75ರಿಂದ 137 ಸಿಗರೇಟಿನಷ್ಟು ಸೂಕ್ಷ್ಮ ಹೊಗೆ ಕಣ ಬರುತ್ತದೆ ಎಂದು 2003ರ ಅಧ್ಯಯನವೊಂದು ಲೆಕ್ಕ ಹಾಕಿತ್ತು. ಆ ಹೊಗೆಯಲ್ಲೇ ಮಕ್ಕಳು ರಾತ್ರಿಯಿಡೀ ಮಲಗುತ್ತಾರೆ. ಸೊಳ್ಳೆ ಅಗರಬತ್ತಿ ಕೊಳ್ಳುವವರು ಅದರ ಮೇಲೆ ಸಿಐಆರ್ ನಂಬರ್ ಇದೆಯಾ ನೋಡಿ. ಕೀಟನಾಶಕವಾಗಿ ನೋಂದಣಿಯಾಗಿದೆ ಅನ್ನೋದಕ್ಕೆ ಅದೇ ಗುರುತು. ಅದಿಲ್ಲದ ಮಾಲನ್ನು ನಾನು ಅಂಗಡಿಯಲ್ಲಿ ಇಡಲ್ಲ. ಸೊಳ್ಳೆ ಪರದೆ ಕಟ್ಟಿದರೆ ಈ ತಲೆನೋವೇ ಇಲ್ಲ.

ಆರ್ಗ್ಯಾನಿಕ್ ಬಗ್ಗೆ: ತರಕಾರಿ, ಹಣ್ಣು ಚೆನ್ನಾಗಿ ತೊಳೆದು ತಿನ್ನಿ. ದುಡ್ಡು ಇದ್ದರೆ ಆರ್ಗ್ಯಾನಿಕ್ ಕೊಳ್ಳಿ, ಇಲ್ಲದಿದ್ದರೆ ಸಾಲ ಮಾಡಬೇಡಿ. ಆರ್ಗ್ಯಾನಿಕ್ ಅಂತ ಬರೆದ ಬಿಸ್ಕತ್ತಿಗೆ ಮಾತ್ರ ಜಾಸ್ತಿ ದುಡ್ಡು ಕೊಡಬೇಡಿ, ಅದರ ಮೈದಾ, ಸಕ್ಕರೆ ಎಲ್ಲಿಗೂ ಹೋಗಿರಲ್ಲ. ಆ ದುಡ್ಡಿಗೆ ಶೇಂಗಾ, ಹುರಿಗಡಲೆ, ಬಾಳೆಹಣ್ಣು ತಂದಿಡಿ.