ಎರಡು ದೇಶಗಳ ನಡುವಿನ ಸಮುದ್ರದಲ್ಲಿ ತೈಲ ಸಿಕ್ಕರೆ ಯಾರ ಕಾನೂನು ನಡೆಯುತ್ತದೆ?

ಒಂದು ದೇಶದ ಕಾನೂನು ಸಾಲದು, ಇಬ್ಬರೂ ಸೇರಿ ಒಪ್ಪಂದ ಮಾಡಿಕೊಳ್ಳಬೇಕು. ಪಕ್ಕದ ತೋಟದವರು ಬೋರ್‌ವೆಲ್ ಕೊರೆಸಿದರೆ ನಮ್ಮ ನೀರೂ ಅತ್ತ ಹೋಗುತ್ತದೆ ಅಲ್ವಾ? ಸಮುದ್ರದಡಿಯ ತೈಲ, ಅನಿಲದ ಕಥೆಯೂ ಹಾಗೆಯೇ.

ಆಸ್ಟ್ರೇಲಿಯಾ ಮತ್ತು ಅದರ ಉತ್ತರಕ್ಕಿರುವ ಪುಟ್ಟ ದೇಶ ಪೂರ್ವ ತಿಮೋರ್ ಜಗಳ ನೋಡಿ. ತಿಮೋರ್ ಇಂಡೋನೇಷ್ಯಾದ ಹಿಡಿತದಲ್ಲಿದ್ದಾಗ, 1989ರಲ್ಲಿ, ನಡುವಿನ ಸಮುದ್ರದ ತೈಲ ಹಂಚಿಕೊಳ್ಳಲು ಆಸ್ಟ್ರೇಲಿಯಾ ಇಂಡೋನೇಷ್ಯಾದ ಜೊತೆಗೇ ಒಪ್ಪಂದ ಮಾಡಿಕೊಂಡಿತು. ತಿಮೋರ್ ಜನರನ್ನು ಯಾರೂ ಕೇಳಲಿಲ್ಲ. 2002ರ ಮೇ 20ರಂದು ತಿಮೋರ್ ಸ್ವತಂತ್ರವಾಯಿತು. ಅದೇ ದಿನ ಹೊಸ ಒಪ್ಪಂದಕ್ಕೆ ಸಹಿ ಬಿತ್ತು: ಇಬ್ಬರೂ ಸೇರಿ ತೈಲ, ಅನಿಲ ತೆಗೆಯುವ ಜಂಟಿ ಪ್ರದೇಶದ ಉತ್ಪಾದನೆಯಲ್ಲಿ ನೂರಕ್ಕೆ 90 ಪಾಲು ತಿಮೋರ್‌ಗೆ, 10 ಆಸ್ಟ್ರೇಲಿಯಾಕ್ಕೆ. ಕೇಳೋಕೆ ದೊಡ್ಡ ಮನಸ್ಸು ಅನಿಸುತ್ತದೆ. ಆದರೆ ಗ್ರೇಟರ್ ಸನ್‌ರೈಸ್ ಎಂಬ ದೊಡ್ಡ ನಿಕ್ಷೇಪದ 20.1 ಶೇಕಡಾ ಮಾತ್ರ ಆ ಜಂಟಿ ಪ್ರದೇಶದೊಳಗೆ, ಉಳಿದದ್ದು ಆಸ್ಟ್ರೇಲಿಯಾದ ಕಡೆ ಎಂದು ಲೆಕ್ಕ ಹಾಕಿದ್ದರು. ಚಾಣಾಕ್ಷತನ ಇದ್ದದ್ದೇ ಅಲ್ಲಿ.

2016ರಲ್ಲಿ ತಿಮೋರ್ ವಿಶ್ವಸಂಸ್ಥೆಯ ಸಮುದ್ರ ಕಾನೂನಿನಡಿ ಕಡ್ಡಾಯ ಸಂಧಾನ ಕೇಳಿತು, ಅಂದರೆ ಎದುರಿನವರು ಒಪ್ಪದಿದ್ದರೂ ಮಧ್ಯಸ್ಥರ ಮುಂದೆ ಮಾತುಕತೆಗೆ ಕರೆಯುವ ದಾರಿ. ಆ ದಾರಿ ಹಿಡಿದ ಮೊದಲ ಪ್ರಕರಣವೇ ಅದು. 2018ರ ಮಾರ್ಚ್‌ನಲ್ಲಿ ಗಡಿ ಒಪ್ಪಂದವಾಯಿತು, 2019ರಲ್ಲಿ ಜಾರಿಗೆ ಬಂತು. ಈಗ ಸನ್‌ರೈಸ್ ಅನಿಲದ ಪೈಪ್ ತಿಮೋರ್‌ಗೆ ಬಂದರೆ ಸರ್ಕಾರಗಳ ಆದಾಯದಲ್ಲಿ ತಿಮೋರ್‌ಗೆ 70 ಶೇಕಡಾ. ಆಸ್ಟ್ರೇಲಿಯಾಕ್ಕೆ ಹೋದರೆ 80. ಪೈಪ್ ಎಲ್ಲಿಗೆ ಹೋಗುತ್ತದೋ ಅಲ್ಲಿಗೆ ಕೆಲಸ, ಕಾರ್ಖಾನೆ ಜಾಸ್ತಿ ಬರುತ್ತವೆ, ಅದಕ್ಕೇ ಈ ವ್ಯತ್ಯಾಸ.